ಅಪೇಕ್ಷೆ ಎಂದು ಓದಿದ ಆಕ್ಷೇಪಣೆ

ನಮ್ಮ ಬೀದಿಗೆ ಸರ್ಕಾರಿ ಕಾಗದ ಬಂದರೆ ಅದು ಮೊದಲು ನನ್ನ ಅಂಗಡಿಗೇ ಬರುತ್ತದೆ. ನಾನೇನೂ ಹೆಚ್ಚು ಓದಿದವನಲ್ಲ, ಗಡಿಯಾರ ರಿಪೇರಿ ಮಾಡುವವನು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ನನ್ನ ಹತ್ತಿರ ಇದೆ, ಹಾಗಾಗಿ ಎಂಥ ಸಣ್ಣ ಅಕ್ಷರವನ್ನೂ ಓದುತ್ತೇನೆ ಎಂದು ಬೀದಿಯವರ ನಂಬಿಕೆ. ಅವರು ನಂಬಿದ್ದಾರಲ್ಲ ಎಂದು ನಾನೂ ನಂಬಿಬಿಟ್ಟಿದ್ದೆ. ಈ ಕಥೆಯಲ್ಲಿ ಆದ ಎಡವಟ್ಟಿಗೆಲ್ಲ ಆ ನಂಬಿಕೆಯೇ ಮೂಲ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಗೊತ್ತಾದರೆ ನೀವು ಇನ್ನೂ ಜಾಸ್ತಿ ಬೈಯುತ್ತೀರಿ.

ಬೀದಿ ಮುಗಿಯುವಲ್ಲಿ ಜೌಗು ಇದೆ. ಆಳೆತ್ತರದ ಜೊಂಡು, ನಡುನಡುವೆ ನೀರು, ನೀರಿನ ಮೇಲೆ ಹಕ್ಕಿಗಳು. ದಡದಲ್ಲಿ ‘ಸಾರ್ವಜನಿಕ ನಿಸರ್ಗ ಮೀಸಲು ಪ್ರದೇಶ’ ಎಂಬ ತಗಡಿನ ಬೋರ್ಡು. ಯಾರು ಬೇಕಾದರೂ ಕಾಲುದಾರಿಯಲ್ಲಿ ನಡೆದು ಹೋಗಿ ನೋಡಬಹುದು, ಕಟ್ಟುವುದು ಕಡಿಯುವುದು ಮಾತ್ರ ಕೂಡದು. ಅಲ್ಲಿಗೆ ಪ್ರವಾಸಿಗರಿಗಾಗಿ ಏನೋ ಬರುತ್ತದಂತೆ ಎಂಬ ಸುದ್ದಿ ಹಬ್ಬಿತು. ಏನು ಎಂದು ಯಾರಿಗೂ ತಿಳಿಯದು. ಒಬ್ಬರು ದೋಣಿ ಎಂದರು, ಒಬ್ಬರು ದೊಡ್ಡ ಹೋಟೆಲು ಎಂದರು, ಪಕ್ಕದ ಚಪ್ಪಲಿ ಅಂಗಡಿಯವನು ಮೊಸಳೆ ತಂದು ಬಿಡುತ್ತಾರೆ ಎಂದ. ಸರ್ಕಾರಿ ಕಚೇರಿಗೆ ಹೋಗಿ ಕೇಳಿದರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ‘ಅಭಿವೃದ್ಧಿ’ ಎಂದು ಹೇಳಿ ಕಳಿಸಿದರು. ಬೀದಿಯ ಹೆಚ್ಚಿನವರಿಗೆ ಅದು ಬೇಡವಾಗಿತ್ತು. ಯಾಕೆ ಬೇಡ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ, ಅದೂ ದಿನಕ್ಕೊಂದು.

ಬೇಕು ಎಂದವಳು ಒಬ್ಬಳೇ, ನನ್ನ ಎದುರು ಅಂಗಡಿಯ ಲಾಂಡ್ರಿ ತಂಗಿ. ಸ್ವಂತ ತಂಗಿಯಲ್ಲ, ಇಪ್ಪತ್ತು ವರ್ಷ ಎದುರುಬದುರು ಕೂತು ಆದ ತಂಗಿ. ಅವಳು ಹಿತ್ತಲ ಬಾವಿಯ ನೀರು ಸೇದಿ ಒಗೆಯುತ್ತಾಳೆ, ಗಂಡ ಇಸ್ತ್ರಿ ಹಾಕುತ್ತಾನೆ, ಅತ್ತೆ ಬಟ್ಟೆಗೆ ಗುರುತು ಹಾಕುತ್ತಾರೆ. ಮನೆಮನೆಗೂ ಯಂತ್ರ ಬಂದ ಮೇಲೆ ಅವಳ ಕಟ್ಟೆಯ ಮೇಲಿನ ಗಂಟುಗಳು ಕಡಿಮೆಯಾಗಿದ್ದವು. ಅಂಥ ಹೊತ್ತಿನಲ್ಲಿ ಅಲ್ಲಿ ಕಟ್ಟಲು ಹೊರಟ ಕಂಪನಿಯ ಮ್ಯಾನೇಜರ್ ಬಂದು, ಜೌಗಿನ ಮೇಲೆ ನಲವತ್ತು ಕೋಣೆ ಕಟ್ಟುತ್ತೇವೆ, ಹಾಸಿಗೆ ಹೊದಿಕೆ ಒಗೆಯುವ ಕೆಲಸವೆಲ್ಲ ನಿಮಗೇ ಎಂದು ಹೇಳಿ ಹೋಗಿದ್ದ. ಗಂಡ ಆಗಲೇ ಎರಡನೇ ಇಸ್ತ್ರಿ ಮೇಜು ಎಲ್ಲಿ ಹಾಕಬೇಕು ಎಂದು ಗೋಡೆ ಅಳೆದಿದ್ದ. ಆ ಮೇಜಿನ ಮೇಲೆ ಅವರ ಮನೆಯ ಆಸೆಯೆಲ್ಲ ನಿಂತಿತ್ತು, ತಪ್ಪು ಅನ್ನಲು ನಾನ್ಯಾರು.

ಒಂದು ಸೋಮವಾರ ಕಚೇರಿಯ ನೌಕರನೊಬ್ಬ ಐವತ್ತೆರಡು ಮನೆಗೂ ಫಾರಂ ಹಂಚಿದ. ಗುರುವಾರ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದ. ಅದು ಪ್ರತಿಯ ಪ್ರತಿಯ ಪ್ರತಿ, ಅರ್ಧ ಅಕ್ಷರ ಮಸಿಯಲ್ಲಿ ಮುಳುಗಿ ಅರ್ಧ ಹಾರಿಹೋಗಿದ್ದವು. ಎಲ್ಲರೂ ನನ್ನ ಅಂಗಡಿಗೆ ಬಂದರು. ನಾನು ಭೂತಗನ್ನಡಿ ಸಿಕ್ಕಿಸಿಕೊಂಡು ಗಂಟಲು ಸರಿಮಾಡಿಕೊಂಡು ಓದಿದೆ: “ಸದರಿ ಯೋಜನೆಯ ಬಗ್ಗೆ ತಮ್ಮ ಅಪೇಕ್ಷೆ ಇದೆ, ಇಲ್ಲ.”

ತಲೆ ಬುಡ ಅರ್ಥವಾಗಲಿಲ್ಲ ಎಂದು ಚಪ್ಪಲಿ ಅಂಗಡಿಯವನು ಅಂದ. ನಾನು ಬಿಡಿಸಿ ಹೇಳಿದೆ.

“ಅಪೇಕ್ಷೆ ಅಂದ್ರೆ ಆಸೆ ಕಣಯ್ಯ. ಬೇಕು ಅನ್ನೋರು ‘ಇದೆ’ ಅನ್ನೋದಕ್ಕೆ ಗೀಟು ಹಾಕಿ, ಬೇಡ ಅನ್ನೋರು ‘ಇಲ್ಲ’ ಅನ್ನೋದಕ್ಕೆ ಹಾಕಿ. ಅಷ್ಟೇ.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಐವತ್ತೊಂದು ಮನೆಯವರು ‘ಇಲ್ಲ’ ಎಂಬುದಕ್ಕೆ ಗೀಟು ಹಾಕಿದರು. ಲಾಂಡ್ರಿ ತಂಗಿ ಒಬ್ಬಳು ‘ಇದೆ’ ಎಂಬುದಕ್ಕೆ ಹಾಕಿದಳು. ಕೆಳಗೆ ‘ಇದ್ದಲ್ಲಿ ಕಾರಣ’ ಎಂದಿದ್ದ ಜಾಗದಲ್ಲಿ ‘ಲಾಂಡ್ರಿ’ ಎಂದು ಒಂದೇ ಮಾತು ಬರೆದಳು. ಅದನ್ನು ನೋಡಿದವರು ಮುಖ ತಿರುಗಿಸಿದರು. ಇಡೀ ಬೀದಿ ಒಂದು ಕಡೆ, ಇವಳೊಬ್ಬಳು ಒಂದು ಕಡೆ ಎಂದು ಆಡಿಕೊಂಡರು. ನಾಲ್ಕಾರು ಮನೆಯವರು ಬಟ್ಟೆ ಕೊಡುವುದನ್ನೂ ನಿಲ್ಲಿಸಿದರು. ನಾನು ನಿಲ್ಲಿಸಲಿಲ್ಲ, ಆದರೆ ಮಾತು ಕಡಿಮೆ ಮಾಡಿದೆ. ಹೇಳಲು ನಾಚಿಕೆಯಾಗುತ್ತದೆ. ಎದುರುಬದುರು ಕೂತು ಮಾತು ಕಡಿಮೆ ಮಾಡುವುದು ಸುಲಭದ ಕೆಲಸವಲ್ಲ, ದಿನವಿಡೀ ಗಡಿಯಾರದೊಳಗೇ ಮುಖ ಹುದುಗಿಸಿ ಕೂತಿರಬೇಕು. ನನ್ನವಳು ನೋಡಿ ನಕ್ಕಳು. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ, ಇವತ್ತಲ್ಲ ನಾಳೆ ಅವಳೇ ಬರುತ್ತಾಳೆ, ಆಗ ಯಾವ ಮುಖ ಇಟ್ಟುಕೊಂಡು ಮಾತಾಡುತ್ತೀರೋ ನೋಡೋಣ ಎಂದಳು.

ಒಂದು ತಿಂಗಳಿಗೆ ಲಾಂಡ್ರಿ ತಂಗಿ ಬಂದಳು. ಕೈಯಲ್ಲೊಂದು ಕಾಗದ.

“ಅಣ್ಣ, ಇದನ್ನ ಓದಿ ನೋಡು. ನಾನು ಓದಿದೆ, ನಮ್ಮ ಯಜಮಾನ್ರೂ ಓದಿದ್ರು. ಇಬ್ಬರಿಗೂ ತಲೆ ಕೆಟ್ಟಿದೆ.”

ಈ ಕಾಗದದ ಅಕ್ಷರ ಸ್ಪಷ್ಟವಾಗಿತ್ತು. ಭೂತಗನ್ನಡಿ ಬೇಕಿರಲಿಲ್ಲ. ‘ಯೋಜನೆಗೆ ಬಂದಿರುವ ಏಕೈಕ ಆಕ್ಷೇಪಣೆ ತಮ್ಮದಾಗಿದ್ದು, ಕಾರಣ ಲಾಂಡ್ರಿ ಎಂದು ನಮೂದಿಸಿರುತ್ತೀರಿ. ಇದರ ವಿವರ ನೀಡಲು ಅಹವಾಲು ಸಭೆಗೆ ಖುದ್ದಾಗಿ ಹಾಜರಾಗತಕ್ಕದ್ದು. ಉಳಿದ ಐವತ್ತೊಂದು ಕುಟುಂಬಗಳು ಆಕ್ಷೇಪಣೆ ಇಲ್ಲವೆಂದು ತಿಳಿಸಿರುತ್ತವೆ.’

ಎರಡು ಸಲ ಓದಿದೆ. ಬೇಕಿಲ್ಲದಿದ್ದರೂ ಭೂತಗನ್ನಡಿ ಸಿಕ್ಕಿಸಿಕೊಂಡು ಮೂರನೇ ಸಲ ಓದಿದೆ.

“ಬೇಕು ಅಂದವಳು ನಾನು,” ಅಂದಳು ಅವಳು. “ಬೇಡ ಅಂದಿದ್ದೀಯ ಅಂತ ಬರೆದಿದ್ದಾರೆ. ಬೇಡ ಅಂದ ನೀವೆಲ್ಲ ಬೇಕು ಅಂದಿದ್ದೀರಂತೆ. ಇದೇನಣ್ಣ ಇದು?”

ಇಬ್ಬರೂ ಅಂಗಡಿ ಬಾಗಿಲು ಎಳೆದುಕೊಂಡು ವಾಚನಾಲಯಕ್ಕೆ ಹೋದೆವು. ಅಲ್ಲಿನ ಮೇಡಂ ಪತ್ರಿಕೆಗಳನ್ನು ದಿನಾಂಕದ ಪ್ರಕಾರ ಜೋಡಿಸುತ್ತಿದ್ದರು. ಕಾಗದ ನೋಡಿದರು, ನೌಕರ ಹೆಚ್ಚಾಗಿ ಕೊಟ್ಟು ನನ್ನ ಹತ್ತಿರ ಉಳಿದಿದ್ದ ಖಾಲಿ ಫಾರಂ ನೋಡಿದರು. ಆಮೇಲೆ ನಿಘಂಟು ತಂದು ಎರಡು ಕಡೆ ಬೆರಳಿಟ್ಟು ನನ್ನ ಮುಂದೆ ಹಿಡಿದರು. ಅಪೇಕ್ಷೆ ಎಂದರೆ ಆಸೆ, ಬಯಕೆ. ಆಕ್ಷೇಪಣೆ ಎಂದರೆ ತಕರಾರು, ವಿರೋಧ.

“ನೀವು ಓದಿದ್ದು ಇದು. ಅಲ್ಲಿದ್ದಿದ್ದು ಅದು,” ಎಂದರು.

ಐವತ್ತೊಂದು ಮನೆಯವರು ನಮ್ಮದೇನೂ ತಕರಾರಿಲ್ಲ ಎಂದು ಗೀಟು ಹಾಕಿ ಕಳಿಸಿದ್ದೆವು. ಸೂಜಿಯ ಮೊನೆಯಷ್ಟು ತಿರುಪು ಹುಡುಕುವ ಕಣ್ಣು ನನ್ನದು, ಇಷ್ಟು ದೊಡ್ಡ ಪದ ಕಾಣಲಿಲ್ಲ. ದೀಪದ ಬುಡ ಕತ್ತಲು ಎನ್ನುವುದು ಇದಕ್ಕೇ ಇರಬೇಕು. ಲಾಂಡ್ರಿ ತಂಗಿ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿ ನನ್ನನ್ನು ನೋಡಿದಳು. ಒಂದು ತಿಂಗಳು ಬೀದಿಯವರ ಮುನಿಸು ತಿಂದವಳು ಅವಳು, ಅದೂ ನನ್ನ ತಪ್ಪಿನ ಮೇಲೆ ಕಟ್ಟಿದ ಮುನಿಸು.

ಇನ್ನೊಮ್ಮೆ ಎಲ್ಲರೂ ಬರೆದು ಕೊಡಬಹುದೇ ಎಂದು ಕೇಳಿದೆ. ಬರೆದು ಕೊಡುವ ಗಡುವು ಮೂರು ದಿನದ ಹಿಂದೆಯೇ ಮುಗಿದಿದೆ ಎಂದು ಮೇಡಂ ಅದೇ ಕಾಗದದ ಕೊನೆಯ ಸಾಲು ತೋರಿಸಿದರು. ಸಭೆಗೆ ಎಲ್ಲರೂ ಹೋಗಿ ಕೂರಬಹುದು, ಆದರೆ ಮೊದಲು ಮಾತಾಡಿಸುವುದು ಆಕ್ಷೇಪಣೆ ಬರೆದವರನ್ನು. ಅಂಥವಳು ಇವಳೊಬ್ಬಳೇ. ಇವಳು ತಪ್ಪಾಗಿದೆ ಎಂದು ಒಂದು ಸಾಲು ಬರೆದು ಹಿಂದೆಗೆದುಕೊಂಡರೆ ಕಡತ ಅಲ್ಲಿಗೆ ಮುಚ್ಚಬಹುದು. ಯೋಜನೆಗೆ ಊರಲ್ಲಿ ಒಂದೂ ತಕರಾರಿಲ್ಲ ಎಂದಾಗುತ್ತದೆ.

ಸುದ್ದಿ ಬೀದಿಗೆ ತಲುಪುವುದೇ ತಡ, ಮುಖ ತಿರುಗಿಸಿದವರೆಲ್ಲ ಮುಖ ಅರಳಿಸಿಕೊಂಡು ಲಾಂಡ್ರಿಗೆ ಬಂದರು. ಬಟ್ಟೆಯ ಗಂಟುಗಳೂ ಬಂದವು. ಅಕ್ಕಾ, ನೀನೇ ಗತಿ ಎಂದರು. ಲಾಂಡ್ರಿ ತಂಗಿಗೆ ಸಿಟ್ಟು ಬಂತು, ಬರದೆ ಇರುತ್ತದೆಯೇ.

“ಮೊನ್ನೆ ತನಕ ನಾನು ಬೀದಿಗೆ ಹೊರಗಿನವಳು. ಇವತ್ತು ನಿಮ್ಮ ಬಾಯಿ ನಾನೇ ಆಗಬೇಕಾ? ನನಗೆ ಆ ಕೆಲಸ ಬೇಕು. ಸುಳ್ಳು ಹೇಳು ಅಂತೀರಾ?”

ಏನು ಮಾಡಬೇಕೆಂದು ಅವಳಿಗೇ ಗೊತ್ತಿರಲಿಲ್ಲ ಎನ್ನುವುದು ಮುಖದಲ್ಲೇ ಕಾಣುತ್ತಿತ್ತು. ಹಿಂದೆಗೆದುಕೊಂಡರೆ ಬೀದಿ ಕೈಬಿಡುತ್ತದೆ, ನಿಂತರೆ ಕೆಲಸ ಕೈಬಿಡುತ್ತದೆ. ಅತ್ತ ದರಿ ಇತ್ತ ಪುಲಿ. ಅವತ್ತು ನನ್ನ ಅಂಗಿಯ ಬದಲು ಚಪ್ಪಲಿ ಅಂಗಡಿಯವನ ಅಂಗಿ ನನಗೆ ಬಂತು, ಎರಡು ತೋಳಿಗೆ ಎರಡು ಥರ ಇಸ್ತ್ರಿ ಬಿದ್ದಿತ್ತು.

ಮಾರನೆಯ ದಿನ ಮೇಡಂ ತಾವೇ ಲಾಂಡ್ರಿಗೆ ಬಂದರು. ಕಚೇರಿಯಿಂದ ಯೋಜನೆಯ ಪೂರ್ತಿ ಪ್ರತಿ ಕೇಳಿ ತಂದಿದ್ದರು. ಕೇಳಿದರೆ ಕೊಡುತ್ತಾರೆ, ನಾವೇ ಕೇಳುವುದಿಲ್ಲ ಎಂದರು. ಬೇಡ ಅನ್ನು ಎಂದು ಅವರು ಒಂದು ಮಾತೂ ಹೇಳಲಿಲ್ಲ. ಏನಿದೆ ಎಂದು ನೋಡು, ಆಮೇಲೆ ನಿನಗೆ ತೋಚಿದ್ದು ಹೇಳು ಎಂದಷ್ಟೇ ಹೇಳಿ ಇಸ್ತ್ರಿ ಮೇಜಿನ ಮೇಲೆ ನಕ್ಷೆ ಬಿಡಿಸಿದರು. ನೀರಿನ ಮೇಲೆ ಕೋಣೆಗಳು, ಯಂತ್ರದ ದೋಣಿಗಳು. ನಮ್ಮ ಬೀದಿಯ ಕಡೆಯ ಜೊಂಡನ್ನೆಲ್ಲ ತೆಗೆದು ಮಣ್ಣು ತುಂಬಿ ಕಾರು ನಿಲ್ಲಿಸುವ ಜಾಗ. ಪಕ್ಕದಲ್ಲಿ ಜೌಗಿನ ಹಳೆಯ ನಕ್ಷೆಯನ್ನೂ ಇಟ್ಟರು. ಹಳೆಯದರಲ್ಲಿ ಜೌಗಿಗೆ ಇನ್ನೊಂದು ತೋಳು ಇತ್ತು, ಮೇಲಿನ ಬೀದಿಯ ತನಕ ಚಾಚಿಕೊಂಡಿತ್ತು.

“ಈ ತೋಳು ಎಲ್ಲಿ ಹೋಯ್ತು?” ಎಂದಳು ಲಾಂಡ್ರಿ ತಂಗಿ.

“ಅದನ್ನ ತುಂಬಿಸಿಯೇ ಬಸ್ ನಿಲ್ದಾಣ ಕಟ್ಟಿದ್ದು,” ಎಂದರು ಮೂಲೆಯಲ್ಲಿ ಗುರುತು ಹಾಕುತ್ತಿದ್ದ ಅತ್ತೆ. “ನಾನು ಈ ಮನೆಗೆ ಬಂದಾಗ ಮೇಲಿನ ಬೀದಿಯ ಬಾವಿ ನೀರು ಎಷ್ಟು ಸಿಹಿ ಇತ್ತು ಅಂತೀಯ. ನಿಲ್ದಾಣ ಆಗಿ ನಾಲ್ಕೈದು ವರ್ಷಕ್ಕೆ ಬಾವಿ ಬತ್ತಿದವು. ಆಮೇಲೆ ಕೊಳವೆಬಾವಿ ಕೊರೆಸಿಕೊಂಡ್ರು.”

ಲಾಂಡ್ರಿ ತಂಗಿ ಕಟ್ಟೆಯ ಮೇಲಿನ ಗಂಟುಗಳತ್ತ ತಿರುಗಿ ನೋಡಿದಳು. ಅವಳ ಗಿರಾಕಿಗಳಲ್ಲಿ ಅರ್ಧ ಜನ ಮೇಲಿನ ಬೀದಿಯವರು. ಮನೆಯಲ್ಲಿ ಒಗೆದರೆ ಬಟ್ಟೆ ಹಪ್ಪಳದ ಹಾಗೆ ಗಡುಸಾಗುತ್ತದೆ, ಬಿಳಿ ಕಲೆ ಕೂರುತ್ತದೆ ಎಂದು ಇಲ್ಲಿ ತಂದು ಕೊಡುತ್ತಾರೆ. ತನ್ನ ಕೈಗುಣ ಎಂದುಕೊಂಡಿದ್ದಳು ಪಾಪ. ಯಾಕೆ ಹಾಗಾಗುತ್ತದೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ, ಕೇಳಿಕೊಳ್ಳಲು ಪುರುಸೊತ್ತೆಲ್ಲಿ.

ಗಂಡ ಒಪ್ಪಲಿಲ್ಲ. ನೀರಿಗೂ ಜೌಗಿಗೂ ಎತ್ತಣಿಂದೆತ್ತ ಸಂಬಂಧ ಎಂದ. ಅವಳು ವಾದ ಮಾಡಲಿಲ್ಲ. ಮೇಲಿನ ಬೀದಿಯಿಂದ ಒಂದು ಬಕೆಟ್ ನೀರು ತರಿಸಿದಳು, ತನ್ನ ಬಾವಿಯಿಂದ ಒಂದು ಬಕೆಟ್ ಸೇದಿದಳು. ಒಂದೇ ಸೋಪನ್ನು ಎರಡು ತುಂಡು ಮಾಡಿ ಒಂದೊಂದರಲ್ಲಿ ಒಂದೊಂದು ದಿಂಬಿನ ಚೀಲ ತಿಕ್ಕಿದಳು. ಬಾವಿಯ ನೀರಿನಲ್ಲಿ ನೊರೆ ಮೊಣಕೈ ಮುಟ್ಟಿತು. ಇನ್ನೊಂದರಲ್ಲಿ ಸೋಪು ಕರಗಿ ಬೂದುಬಣ್ಣದ ಗಷ್ಟಾಗಿ ತೇಲಿತು, ನೊರೆಯ ಸುಳಿವಿಲ್ಲ. ಎರಡೂ ಒಣಗಿದ ಮೇಲೆ ಗಂಡನ ಕೈಗೆ ಕೊಟ್ಟಳು. ಅವನು ಇಸ್ತ್ರಿಯವನು, ಬಟ್ಟೆ ಮುಟ್ಟಿದರೆ ಸಾಕು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ. ತುಂಬ ಹೊತ್ತು ಆ ಗಡುಸು ಚೀಲವನ್ನು ಮಡಚುತ್ತಾ ಬಿಡಿಸುತ್ತಾ ಕೂತಿದ್ದ. ಕೊನೆಗೆ, ಎರಡನೇ ಮೇಜು ಸದ್ಯಕ್ಕೆ ಬೇಡ ಬಿಡು ಎಂದ.

ಜೌಗು ತುಂಬಿಸಿದ್ದರಿಂದಲೇ ಹೀಗಾಯಿತಾ ಎಂದು ನಾನು ಮೇಡಂ ಅವರನ್ನು ಕೇಳಿದೆ. ಅವರು ಹಾರಿಕೆಯ ಉತ್ತರ ಕೊಡಲಿಲ್ಲ.

“ಅದೇ ಕಾರಣ ಅಂತ ನಾನು ಖಂಡಿತ ಹೇಳಲಾರೆ. ಇರಬಹುದು. ಮಣ್ಣು ಹಾಕೋ ಮೊದಲು ತಿಳಿದವರಿಂದ ಪರೀಕ್ಷೆ ಮಾಡಿಸಿ ಅಂತ ಕೇಳೋದು ನಮ್ಮ ಹಕ್ಕು. ಹಾಕಿದ ಮೇಲೆ ಕೇಳಿ ಏನು ಪ್ರಯೋಜನ?”

ಸಭೆಯ ದಿನ ನಮ್ಮ ಬೀದಿ ಬೀದಿಯೇ ಹೋಗಿ ಹಿಂದಿನ ಕುರ್ಚಿಗಳಲ್ಲಿ ಕೂತಿತು. ಲಾಂಡ್ರಿ ತಂಗಿ ಏನು ಹೇಳುತ್ತಾಳೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ದಾರಿಯಲ್ಲಿ ಕೇಳಿದ್ದಕ್ಕೆ, ನನಗೇ ಗೊತ್ತಿಲ್ಲ ಸುಮ್ಮನಿರಣ್ಣ ಎಂದಿದ್ದಳು. ಮುಂದಿನ ಸಾಲಿನಲ್ಲಿ ಮ್ಯಾನೇಜರ್ ಇದ್ದ, ಅವಳನ್ನು ನೋಡಿ ಗುರುತಿನ ನಗೆ ನಕ್ಕ. ಅಧಿಕಾರಿ ಕಡತ ತೆರೆದು, ನಿಮ್ಮ ಆಕ್ಷೇಪಣೆ ಲಾಂಡ್ರಿ ಎಂದಿದೆ, ಹಾಗೆಂದರೇನು ಎಂದು ಕೇಳಿದರು.

ಅವಳು ಎದ್ದು ನಿಂತಳು. ಸೆರಗಿನ ತುದಿ ಹಿಂಡುತ್ತಿದ್ದಳು, ಒಗೆಯುವವಳ ಅಭ್ಯಾಸ.

“ಸಾರ್, ನಾನು ತಿಳಿಯದೆ ಗೀಟು ಹಾಕಿದವಳು. ನನಗೆ ಈ ಯೋಜನೆ ಬೇಕಿತ್ತು.”

ಹಿಂದಿನ ಕುರ್ಚಿಗಳೆಲ್ಲ ಕಿರುಗುಟ್ಟಿದವು. 

“ಕೆಲಸ ಕೊಡ್ತೀನಿ ಅಂತ ಈ ಸಾರ್ ಹೇಳಿದ್ದು ನಿಜ. ಕೊಡ್ತಾರೆ ಅಂತ ಈಗಲೂ ನಂಬಿದ್ದೀನಿ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ಒಂದು ಕೇಳ್ತೀನಿ. ನೀವು ಹಾಕಿರೋ ಅಂಗಿ ನಾನೇ ಒಗೆದದ್ದು, ಕಾಲರಿನ ಒಳಗೆ ನಮ್ಮ ಅತ್ತೆ ಹಾಕಿದ ಗುರುತಿದೆ, ಎರಡು ಚುಕ್ಕಿ ಒಂದು ಗೆರೆ. ನೀವು ಮೇಲಿನ ಬೀದಿಯವರು. ನಿಮ್ಮ ಮನೇಲೂ ನಲ್ಲಿ ಇದೆ, ಯಂತ್ರ ಇದೆ. ಬಟ್ಟೆ ನಮ್ಮ ಬೀದಿಗೆ ಯಾಕೆ ಬರುತ್ತೆ ಸಾರ್?”

ಅಧಿಕಾರಿಯ ಕೈ ತಾನಾಗಿಯೇ ಕಾಲರಿಗೆ ಹೋಯಿತು. ಅವಳು ಮುಂದೆ ಹೋಗಿ ಎರಡೂ ದಿಂಬಿನ ಚೀಲಗಳನ್ನು ಮೇಜಿನ ಮೇಲಿಟ್ಟಳು. ಯಾವುದು ಯಾವ ನೀರಿನದು ಎಂದು ಹೇಳಲಿಲ್ಲ. ಅವರು ಒಂದನ್ನು ಮುಟ್ಟಿದರು, ಇನ್ನೊಂದನ್ನು ಮುಟ್ಟಿದರು. ಗಡುಸಾದದ್ದನ್ನು ಎತ್ತಿ, ಇದು ನಮ್ಮ ನೀರು ಎಂದು ಮೆಲ್ಲಗೆ ಹೇಳಿದರು.

“ಹೌದು ಸಾರ್. ನಿಮ್ಮ ಕಡೆ ಜೌಗು ತುಂಬಿಸಿ ಆಯ್ತು. ಈಗ ನಮ್ಮ ಕಡೆ ತುಂಬಿಸ್ತೀರಿ. ನಲವತ್ತು ಕೋಣೆ ಹೊದಿಕೆ ನನಗೇ ಕೊಡಿ, ಬೇಡ ಅನ್ನಲ್ಲ. ಯಾವ ನೀರಲ್ಲಿ ಒಗೀಲಿ, ಅದನ್ನೊಂದು ಹೇಳಿ.”

ಆಮೇಲೆ ಅವಳು ಇನ್ನೂ ಒಂದು ಮಾತು ಸೇರಿಸಿದಳು. ಜನ ಬರುವುದು ಬೇಡ ಎಂದು ತಾನು ಹೇಳುತ್ತಿಲ್ಲ, ಕಾಲುದಾರಿಯಲ್ಲಿ ನಡೆದು ಹಕ್ಕಿ ನೋಡಲಿ, ಮಲಗಲು ಊರೊಳಗೆ ಬಂದು ಮಲಗಲಿ, ಕೋಣೆ ಅಲ್ಲೇ ಕಟ್ಟಿ ಎಂದಳು. ಮ್ಯಾನೇಜರ್ ಏನೋ ಬರೆದುಕೊಂಡ. ಅಧಿಕಾರಿ ಹಿಂದೆ ಕೂತಿದ್ದ ನಮ್ಮತ್ತ ನೋಡಿ, ನಿಮಗೆಲ್ಲ ಆಕ್ಷೇಪಣೆ ಇಲ್ಲವಲ್ಲ, ಮತ್ತೆ ಯಾಕೆ ಬಂದಿದ್ದೀರಿ ಎಂದರು. ಆಗ ನಾನು ಏಳಲೇಬೇಕಾಯಿತು. ಅಪೇಕ್ಷೆಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಸಭೆಯೆಲ್ಲ ನಕ್ಕಿತು. ಅಧಿಕಾರಿ ನಗಲಿಲ್ಲ. ಮಸಿ ಹಿಡಿದ ಫಾರಂ ಕಳಿಸಿದ ತಪ್ಪು ಕಚೇರಿಯದೂ ಹೌದು ಎಂದು ಹೇಳಿ ಎರಡು ವಿಷಯ ಬರೆಸಿದರು. ನೀರಿನ ಪರೀಕ್ಷೆ ಆಗಿ ವರದಿ ಬರುವ ತನಕ ಜೌಗಿಗೆ ಒಂದು ಬುಟ್ಟಿ ಮಣ್ಣೂ ಬೀಳಬಾರದು. ಬೀದಿಯವರಿಗೆ ಹೊಸ ಫಾರಂ ಕೊಡಬೇಕು.

ಹೊಸ ಫಾರಂ ಬಂತು. ಅಕ್ಷರ ದೊಡ್ಡದು, ‘ಆಕ್ಷೇಪಣೆ’ಯ ಕೆಳಗೆ ‘ಅಂದರೆ ತಕರಾರು’ ಎಂದು ಬರೆದಿತ್ತು. ಈ ಸಲ ಯಾರೂ ನನ್ನ ಅಂಗಡಿಗೆ ಬರಲಿಲ್ಲ. ವಾಚನಾಲಯದಲ್ಲಿ ಕೂತು ತಾವೇ ಓದಿದರು, ಓದಲು ಬಾರದವರಿಗೆ ಇಬ್ಬರು ಬೇರೆ ಬೇರೆಯಾಗಿ ಓದಿ ಹೇಳಿದರು. ಮನಸ್ಸು ಬದಲಿಸಿ ಬೇಕು ಎಂದವರೂ ಮೂವರು ಇದ್ದರು, ಅವರ ಮೇಲೆ ಯಾರೂ ಮುನಿಸಿಕೊಳ್ಳಲಿಲ್ಲ. ಲಾಂಡ್ರಿ ತಂಗಿ ಮೊದಲು ತಿಳಿಯದೆ ಗೀಟು ಹಾಕಿದ ಜಾಗಕ್ಕೇ ಈ ಸಲ ತಿಳಿದು ಗೀಟು ಹಾಕಿದಳು. ಕಾರಣ ಎಂಬಲ್ಲಿ ಮೊದಲ ಮಾತು ‘ಲಾಂಡ್ರಿ’ ಎಂದೇ ಬರೆದಳು. ಅದರ ಮುಂದೆ ಆರು ಸಾಲು ಬರೆದಳು.

ವರದಿ ಇನ್ನೂ ಬಂದಿಲ್ಲ. ಏನಾಗುತ್ತದೋ ನಮಗೂ ಗೊತ್ತಿಲ್ಲ. ಇಸ್ತ್ರಿ ಮೇಜು ಒಂದೇ ಇದೆ, ಬಾವಿಯಲ್ಲಿ ನೀರಿದೆ, ಜೊಂಡಿನಲ್ಲಿ ಹಕ್ಕಿ ಇದೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಊರಿನಲ್ಲೂ ಎಲ್ಲರಿಗೂ ಸೇರಿದ ಕೆರೆಯೋ ಗುಡ್ಡವೋ ಕಾಡೋ ಇರುತ್ತದೆ. ಅದರ ಬಗ್ಗೆ ಒಂದು ದಿನ ನಿಮ್ಮ ಬಾಗಿಲಿಗೂ ಒಂದು ಕಾಗದ ಬರಬಹುದು. ಕನ್ನಡಕ ಹಾಕಿಕೊಂಡವರೆಲ್ಲ ಸರಿಯಾಗಿ ಓದುತ್ತಾರೆ ಎಂದುಕೊಳ್ಳಬೇಡಿ. ಅರ್ಥವಾಗದ ಪದ ಕೇಳಲು ನಾಚಬೇಡಿ, ಇಬ್ಬರನ್ನು ಕೇಳಿ. ಗಡುವು ಯಾವತ್ತು ಎಂದು ಮೊದಲು ನೋಡಿ. ಯೋಜನೆಯ ಪೂರ್ತಿ ಪ್ರತಿ ಕೇಳಿ. ಬೇಕೆಂದರೂ ಬೇಡವೆಂದರೂ ಯಾಕೆ ಎಂದು ನಿಮ್ಮ ಮಾತಿನಲ್ಲೇ ಬರೆದು, ಕೊಟ್ಟದ್ದಕ್ಕೆ ರಸೀದಿ ಇಟ್ಟುಕೊಳ್ಳಿ. ಸಭೆಗೆ ಹೋಗಿ, ಹಿಂದಿನ ಕುರ್ಚಿಯಲ್ಲಾದರೂ ಕೂತುಕೊಳ್ಳಿ. ನಿಮಗಿಂತ ಬೇರೆ ಹೇಳುವ ನೆರೆಯವರ ಮೇಲೆ ಮುನಿಸಿಕೊಳ್ಳುವ ಮುನ್ನ, ನೀವು ಗೀಟು ಹಾಕಿದ್ದು ಎಲ್ಲಿಗೆ ಎಂದು ಇನ್ನೊಮ್ಮೆ ನೋಡಿಕೊಳ್ಳಿ.

ನಾನಂತೂ ನೋಡಿಕೊಳ್ಳುತ್ತೇನೆ. ಈಗಲೂ ಯಾರಾದರೂ ಕಾಗದ ತಂದರೆ ಓದಿ ಹೇಳುತ್ತೇನೆ. ಓದಿದ ಮೇಲೆ ಎದುರು ಅಂಗಡಿಗೆ ಕೂಗಿ ಕೇಳುತ್ತೇನೆ, ತಂಗೀ, ಇದು ಸರಿಯಾಗಿದೆಯಾ ನೀನೂ ಒಂದು ಸಲ ನೋಡು ಎಂದು.